ನ್ಯೂರೋಫೀಡ್‌ಬ್ಯಾಕ್‌ನ ಫಲ ಎಷ್ಟು ಕಾಲ ನಿಲ್ಲುತ್ತದೆ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆಯೆಂದು ವೈದ್ಯರು ಒಂದು ವರ್ಷದಿಂದ ಮಾತ್ರೆ ಕೊಡುತ್ತಿದ್ದಾರೆ. ಥಾಣೆಯ ಕೇಂದ್ರವೊಂದರವರು ನಲವತ್ತು ನ್ಯೂರೋಫೀಡ್‌ಬ್ಯಾಕ್ ಸೆಷನ್ ಮಾಡಿಸಿದರೆ ಫಲ ಜೀವನಪರ್ಯಂತ ಉಳಿಯುತ್ತದೆ, ಮಾತ್ರೆ ಬಿಡಬಹುದು ಎನ್ನುತ್ತಾರೆ. ನಮ್ಮ ಅತ್ತೆಯವರಿಗೂ ಮಾತ್ರೆ ಇಷ್ಟವಿಲ್ಲ. ಏನು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಮೊದಲಿಗೆ, ಈ ಭರವಸೆಯನ್ನು ನಂಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಜೀವನಪರ್ಯಂತ ಎಂಬ ಮಾತಿಗೆ ಈವರೆಗಿನ ಸಂಶೋಧನೆಯಲ್ಲಿ ಆಧಾರವಿಲ್ಲ.

ನ್ಯೂರೋಫೀಡ್‌ಬ್ಯಾಕ್ ತರಬೇತಿಯಲ್ಲಿ ಮಗುವಿನ ತಲೆಗೆ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಸಂವೇದಕಗಳನ್ನು ಅಂಟಿಸಿ, ಮೆದುಳಿನ ಅಲೆಗಳು ಬಯಸಿದ ದಿಕ್ಕಿಗೆ ಸರಿದಾಗ, ಸಾಮಾನ್ಯವಾಗಿ ನಿಧಾನದ ಥೀಟಾ ಅಲೆಗಳು ತಗ್ಗಿ ವೇಗದ ಬೀಟಾ ಅಲೆಗಳು ಏರಿದಾಗ, ಪರದೆಯ ಮೇಲಿನ ಆಟ ಮುಂದೆ ಸಾಗುವಂತೆ ಮಾಡುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಬ್ಯಾರಿ ಸ್ಟರ್ಮನ್ ಅವರು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬೆಳೆದು ಬಂದ ವಿದ್ಯೆ ಇದು. ಮಾತ್ರೆಯ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ, ಆದರೆ ಕಲಿತ ಕೌಶಲ ಉಳಿಯುತ್ತದೆ ಎಂಬ ತರ್ಕದ ಮೇಲೆಯೇ ಈ ಕೇಂದ್ರಗಳ ಭರವಸೆ ನಿಂತಿದೆ. ತರ್ಕ ಸುಳ್ಳೆನ್ನಲಾಗದು. ತರಬೇತಿ ಮುಗಿದು ಆರು ತಿಂಗಳಿಂದ ಒಂದು ವರ್ಷದ ಮೇಲೂ ಮಕ್ಕಳ ಗಮನ ಸುಧಾರಿಸಿಯೇ ಇದೆ ಎಂದು ತಂದೆತಾಯಿಯರು ಹೇಳಿದ ಅಧ್ಯಯನಗಳು ಹಲವಿದ್ದು, 2019ರಲ್ಲಿ ಅಂಥ ಹತ್ತನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಇದನ್ನೇ ಕಂಡಿತು. ಕೇಂದ್ರದವರು ನಿಮಗೆ ತೋರಿಸುವುದು ಬಹುಶಃ ಇಂಥವನ್ನೇ.

ತೊಡಕಿರುವುದು, ಉಳಿದದ್ದು ಯಾವುದರ ಫಲ ಎಂಬಲ್ಲಿ. ವಾರಕ್ಕೆ ಹಲವು ಬಾರಿ ಅಮ್ಮನೊಡನೆ ಹೋಗಿ, ಅಕ್ಕರೆಯಿಂದ ಮಾತನಾಡಿಸುವ ತರಬೇತುದಾರರ ಮುಂದೆ ಮುಕ್ಕಾಲು ಗಂಟೆ ಮನಸ್ಸಿಟ್ಟು ಕೂತು ಬರುವ ಮಗುವಿಗೆ ಅಷ್ಟರಿಂದಲೇ ಒಳಿತಾಗಬಹುದು. ಅದರ ಜೊತೆಗೆ ವಯಸ್ಸೂ ಬೆಳೆಯುತ್ತಿರುತ್ತದೆ. ಇದನ್ನು ಬೇರ್ಪಡಿಸಿ ನೋಡಲು ಅಮೆರಿಕದಲ್ಲಿ ಏಳರಿಂದ ಹತ್ತು ವರ್ಷದ 144 ಮಕ್ಕಳಲ್ಲಿ ಕೆಲವರಿಗೆ ನಿಜವಾದ ತರಬೇತಿಯನ್ನೂ, ಉಳಿದವರಿಗೆ ಅವರ ಅಲೆಗಳಿಗೆ ಸಂಬಂಧವೇ ಇಲ್ಲದ ಹುಸಿ ತರಬೇತಿಯನ್ನೂ, ಯಾರಿಗೆ ಯಾವುದೆಂದು ಪೋಷಕರಿಗಾಗಲಿ ತರಬೇತುದಾರರಿಗಾಗಲಿ ತಿಳಿಯದಂತೆ ಕೊಡಲಾಯಿತು. ಎರಡೂ ಗುಂಪುಗಳು ಚೆನ್ನಾಗಿಯೇ ಸುಧಾರಿಸಿದವು, ಹದಿಮೂರು ತಿಂಗಳ ಬಳಿಕವೂ ಸುಧಾರಣೆ ಉಳಿದಿತ್ತು, ಆದರೆ ಗಮನದ ವಿಷಯದಲ್ಲಿ ಅವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಜವಾದ ತರಬೇತಿ ಪಡೆದವರಿಗೆ ಆಗ ಔಷಧ ಸ್ವಲ್ಪ ಕಡಿಮೆ ಸಾಕಾಗಿತ್ತು ಎಂಬುದನ್ನೂ ನಾನು ಮುಚ್ಚಿಡಬಾರದು. ಅದು ಇನ್ನಷ್ಟು ಪರೀಕ್ಷೆಗೆ ಅರ್ಹವಾದ ಸಂಗತಿ. ಆದರೆ 2024ರಲ್ಲಿ 38 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಯಾರಿಗೆ ಯಾವ ಚಿಕಿತ್ಸೆ ಎಂದು ತಿಳಿಯದವರು ರೋಗಲಕ್ಷಣಗಳಿಗೆ ಕೊಟ್ಟ ಅಂಕಗಳಲ್ಲಿ ಗಣನೀಯ ಲಾಭ ಕಂಡುಬರಲಿಲ್ಲ.

ಆದ್ದರಿಂದ ಸಾಲ ಮಾಡಿ ಈ ತರಬೇತಿ ಕೊಡಿಸಿ ಎಂದು ನಾನು ಹೇಳಲಾರೆ. ಹಣದ ತೊಂದರೆಯಿಲ್ಲದೆ, ಮಾತ್ರೆಯ ಜೊತೆಯಲ್ಲೇ ಮಾಡಿಸುವುದಾದರೆ ದೊಡ್ಡ ಅಪಾಯವೇನೂ ಇಲ್ಲ; ಆಗ ಶುರುವಿನಲ್ಲೊಮ್ಮೆ, ಮುಗಿದ ಮೇಲೊಮ್ಮೆ, ಆರು ತಿಂಗಳು ಕಳೆದು ಮತ್ತೊಮ್ಮೆ, ತರಬೇತಿಯ ಸುದ್ದಿ ಗೊತ್ತಿಲ್ಲದ ತರಗತಿಯ ಟೀಚರ್ ಕೈಯಿಂದ ವೈದ್ಯರು ಕೊಡುವ ಪ್ರಶ್ನಾವಳಿಯನ್ನು ತುಂಬಿಸಿ. ನಿಮ್ಮ ಅತ್ತೆಯವರ ಆತಂಕ ಸಹಜವಾದದ್ದು. ಅವರನ್ನೇ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಹಸಿವು, ನಿದ್ದೆ, ತೂಕದ ಬಗ್ಗೆ ನೇರವಾಗಿ ಕೇಳಲು ಹೇಳಿ. ಮಾತ್ರೆಯನ್ನು ಕೆಲಕಾಲ ನಿಲ್ಲಿಸಿ ನೋಡುವ ಕ್ರಮವೂ ಇದೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಕಲಿಕೆಯ ತೊಂದರೆಯೂ ಹಲವು ಸಲ ಜೊತೆಗಿರುತ್ತದೆ. ಓದು ಬರಹದಲ್ಲಿ ಮಗ ಹಿಂದಿದ್ದರೆ ಮುಂಬಯಿಯ ಸಯನ್‌ನ ಪಾಲಿಕೆ ಆಸ್ಪತ್ರೆಯಲ್ಲಿ ಅದರ ತಪಾಸಣೆ ಮಾಡಿಸಬಹುದು, ನಿಮಗೆ ಸೆಂಟ್ರಲ್ ಲೈನಿನಲ್ಲಿ ನೇರ ರೈಲೂ ಉಂಟು.