ಮೊಬೈಲ್ ಟವರ್‌ಗೆ ಜಿಪಿಎಸ್ ಯಾಕೆ ಬೇಕು?

ಟವರ್ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ಜಿಪಿಎಸ್ ಆಂಟೆನಾ ಯಾಕೆ ಅಂತ ಕೇಳಿದ್ದೀರಿ. ಅದು ಇರುವುದು ಜಾಗ ತಿಳಿಯಲು ಅಲ್ಲ, ಸಮಯ ತಿಳಿಯಲು. ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಬೇಸ್ ಸ್ಟೇಷನ್, ಅಂದರೆ ಟವರ್‌ನ ರೇಡಿಯೋ ಉಪಕರಣ, ಅವುಗಳ ಸಿಗ್ನಲ್ ಹಿಡಿದು ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ.

ಹಳೆಯ 2ಜಿ ಜಿಎಸ್‌ಎಂ ಟವರ್‌ಗೆ ಇಷ್ಟೆಲ್ಲ ಬೇಕಿರಲಿಲ್ಲ. ಫ್ರೀಕ್ವೆನ್ಸಿ ಸರಿಯಿದ್ದರೆ ಸಾಕಿತ್ತು. ದೊಡ್ಡ ಟವರ್‌ನ ಫ್ರೀಕ್ವೆನ್ಸಿ 100 ಕೋಟಿಗೆ 50ರಷ್ಟು ಮಾತ್ರ ಆಚೀಚೆ ಆಗಬಹುದು ಎಂಬುದು ನಿಯಮ. ಟವರ್‌ಗೆ ಬರುವ ಕೇಬಲ್‌ನಿಂದಲೇ ಅದನ್ನು ಪಡೆಯಬಹುದಿತ್ತು.

ಟಿಡಿಡಿ ಎಂಬ ಪದ್ಧತಿ ಬಂದ ಮೇಲೆ ಅಷ್ಟು ಸಾಲದಾಯಿತು. ನಮ್ಮ ದೇಶದಲ್ಲಿ 5ಜಿಯ 3.5 ಗಿಗಾಹರ್ಟ್ಸ್ ಬ್ಯಾಂಡ್, 4ಜಿಯ 2300 ಮೆಗಾಹರ್ಟ್ಸ್ ಬ್ಯಾಂಡ್ ಎರಡೂ ಟಿಡಿಡಿ. ಇಲ್ಲಿ ಟವರ್ ಮತ್ತು ಫೋನ್ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ ಮಾತಾಡುತ್ತವೆ. ಒಂದು ಟವರ್ ಫೋನ್‌ಗಳ ಮಾತು ಕೇಳುತ್ತಿರುವಾಗ ಪಕ್ಕದ ಟವರ್ ಬಾಯಿ ತೆರೆದರೆ ಕೆಲಸ ಕೆಟ್ಟಿತು. ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್ ಕಳಿಸುತ್ತದೆ. ಟವರ್ ಕಳಿಸುವುದು ಹತ್ತಾರು ವ್ಯಾಟ್, ಅದೂ ಎತ್ತರದಿಂದ. ಫೋನಿನ ಸಿಗ್ನಲ್ ಅದರಲ್ಲಿ ಮುಳುಗಿಹೋಗುತ್ತದೆ. ಪಕ್ಕದ ಚಾನೆಲ್‌ನಲ್ಲಿರುವ ಬೇರೆ ಕಂಪನಿಯ ಟವರ್ ಆದರೂ ಇದೇ ತೊಂದರೆ.

ಅದಕ್ಕೇ ಅಕ್ಕಪಕ್ಕದ ಟವರ್‌ಗಳ ಫ್ರೇಮ್‌ಗಳು (ಕಳಿಸುವ, ಕೇಳುವ ಸರದಿಯ ಒಂದೊಂದು ಸುತ್ತು) ಶುರುವಾಗುವುದರಲ್ಲಿ 3 ಮೈಕ್ರೋಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದೊಂದು ಟವರ್‌ಗೆ ಸಿಗುವ ಸಡಿಲ ಹಿಂದೆ 1.5, ಮುಂದೆ 1.5 ಮೈಕ್ರೋಸೆಕೆಂಡ್. ಈಗ ಮೇಲಿನ ಲೆಕ್ಕಕ್ಕೆ ಬನ್ನಿ. 100 ಕೋಟಿಗೆ 50 ತಪ್ಪುವ ಗಡಿಯಾರ ಸುಮ್ನೆ ಬಿಟ್ಟರೆ 30 ಸೆಕೆಂಡಿನಲ್ಲೇ 1.5 ಮೈಕ್ರೋಸೆಕೆಂಡ್ ಜಾರುತ್ತದೆ! 2ಜಿಗೆ ಭೇಷ್ ಅನಿಸಿದ ಗಡಿಯಾರ ಟಿಡಿಡಿಗೆ ಅರ್ಧ ನಿಮಿಷವೂ ಬಾಳುವುದಿಲ್ಲ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ.

ಜಿಪಿಎಸ್ ಸಿಗ್ನಲ್ ತಪ್ಪಿದಾಗ ಟವರ್ ತನ್ನೊಳಗಿನ ಗಡಿಯಾರದ ಕ್ರಿಸ್ಟಲ್ ನಂಬಿಕೊಂಡು ನಡೆಯುತ್ತದೆ. ಇದಕ್ಕೆ ಹೋಲ್ಡ್‌ಓವರ್ ಅನ್ನುತ್ತೇವೆ. 1000 ಕೋಟಿಗೆ 1 ಮಾತ್ರ ತಪ್ಪುವ ಕ್ರಿಸ್ಟಲ್ ಕೂಡ ನಾಲ್ಕು ಗಂಟೆ ದಾಟಿದರೆ ಆ 1.5ರ ಗಡಿ ಮೀರುತ್ತದೆ. ಆಗ ಗಡಿಯಾರ ಕೆಟ್ಟಿರುವುದು ಒಂದು ಟವರ್‌ನಲ್ಲಿ, ಕಂಪ್ಲೇಂಟ್ ಬರುವುದು ಸುತ್ತಲಿನ ಟವರ್‌ಗಳಿಂದ. ಈ ಕೆಲಸದಲ್ಲಿರುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ: ಒಂದು ಸೈಟ್‌ನಲ್ಲಿ ಕಾರಣವಿಲ್ಲದೆ ಅಪ್‌ಲಿಂಕ್ (ಫೋನ್‌ನಿಂದ ಟವರ್‌ಗೆ ಬರುವ ದಾರಿ) ಗದ್ದಲ ಏರಿದರೆ ನೆರೆಯ ಸೈಟ್‌ಗಳ ಜಿಪಿಎಸ್ ಅಲಾರಂ ನೋಡಿ.

ಆಂಟೆನಾಗೆ ಆಕಾಶ ಕಾಣದ ಕಡೆ ಪಿಟಿಪಿ ಇದೆ, ಅಂದರೆ ನೆಟ್‌ವರ್ಕ್ ಮೂಲಕವೇ ನಿಖರ ಸಮಯ ಕಳಿಸುವ ವಿಧಾನ. ಸಮಯ ಫೈಬರ್ ಮೇಲೆ ಪ್ಯಾಕೆಟ್‌ಗಳಲ್ಲಿ ಬರುತ್ತದೆ. ಅದರ ಕಷ್ಟವೇ ಬೇರೆ. ಹೋಗುವ, ಬರುವ ದಾರಿ ಎರಡೂ ಸಮ ಎಂದು ಅದು ಲೆಕ್ಕ ಹಾಕುತ್ತದೆ. ಫೈಬರ್‌ನಲ್ಲಿ ಒಂದು ಮೀಟರ್‌ಗೆ ಸುಮಾರು 5 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಎರಡು ದಾರಿಗಳ ಉದ್ದದಲ್ಲಿ 200 ಮೀಟರ್ ವ್ಯತ್ಯಾಸವಿದ್ದರೆ 1 ಮೈಕ್ರೋಸೆಕೆಂಡ್ ಅಂತರ, ಅದರ ಅರ್ಧ ಗಡಿಯಾರಕ್ಕೆ ಸೇರುವುದರಿಂದ ಅರ್ಧ ಮೈಕ್ರೋಸೆಕೆಂಡ್ ತಪ್ಪು.

ಹಾಗಂತ ಜಿಪಿಎಸ್ ಒಂದನ್ನೇ ನೆಚ್ಚಿಕೊಳ್ಳುವುದೂ ಒಳ್ಳೆಯದಲ್ಲ. 2016ರ ಜನವರಿ 26ರಂದು ಒಂದು ಹಳೆಯ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ, ಕೆಲವು ಜಿಪಿಎಸ್ ಉಪಗ್ರಹಗಳು ಹೊರಡಿಸಿದ ಯುಟಿಸಿ (ಜಗತ್ತಿನ ಪ್ರಮಾಣಿತ ಸಮಯ) ಮಾಹಿತಿಯಲ್ಲಿ 13.7 ಮೈಕ್ರೋಸೆಕೆಂಡ್ ತಪ್ಪು ನುಸುಳಿತ್ತು. ಎಷ್ಟೋ ಟೆಲಿಕಾಂ ಉಪಕರಣಗಳು ಅಲಾರಂ ಕೊಟ್ಟವು. ಜಿಪಿಎಸ್‌ನಂಥ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆ, ಅದರ ಸಮಯವನ್ನು ನಡೆಸುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಎರಡು ಮೂರು ವ್ಯವಸ್ಥೆಗಳನ್ನು ಒಟ್ಟಿಗೆ ಹಿಡಿಯುವ ರಿಸೀವರ್ ಹಾಕುವುದೇ ಮೇಲು.

ಇನ್ನು ಫೋನ್. ಅದು ಟವರ್ ಸಿಗ್ನಲ್ ನೋಡಿಯೇ ತನ್ನ ಸಮಯ ಹೊಂದಿಸಿಕೊಳ್ಳುತ್ತದೆ. 3 ಕಿಲೋಮೀಟರ್ ದೂರವಿದ್ದರೆ ಸಿಗ್ನಲ್ ತಲುಪಲು 10 ಮೈಕ್ರೋಸೆಕೆಂಡ್, ಉತ್ತರ ಮರಳಲು ಇನ್ನೂ 10. ಅದಕ್ಕೆ ಟವರ್ "20 ಮೈಕ್ರೋಸೆಕೆಂಡ್ ಮೊದಲೇ ಕಳಿಸು" ಎಂದು ಫೋನಿಗೆ ಹೇಳುತ್ತದೆ. ಇದು ಟೈಮಿಂಗ್ ಅಡ್ವಾನ್ಸ್. ಜಿಎಸ್‌ಎಂನಲ್ಲಿ ಇದರ ಅತಿ ದೊಡ್ಡ ಅಂಕೆ 63, ಒಂದೊಂದು ಅಂಕೆಗೆ ಸುಮಾರು 550 ಮೀಟರ್. ಹಾಗಾಗಿ 35 ಕಿಲೋಮೀಟರ್ ದಾಟಿದರೆ ಫೋನಿನಲ್ಲಿ ಸಿಗ್ನಲ್ ಕಡ್ಡಿ ಕಾಣುತ್ತಿದ್ದರೂ ಸಾಮಾನ್ಯ 2ಜಿ ಟವರ್‌ನಿಂದ ಕರೆ ಹೋಗುವುದಿಲ್ಲ.