ನಮ್ಮನೆಯ ಮೂರು ಕಾಲಿನ ಸೀನ

"ಅಕ್ಕಾ, ಬರ್ಲಿನ್‌ಗೆ ಬಂದು ಎಂಟು ತಿಂಗಳಾಯಿತು. ಪ್ರಾಣಿಗಳ ಆಶ್ರಯದಲ್ಲಿ ಮೂರು ಕಾಲಿನ ನಾಯಿಯೊಂದನ್ನು ನೋಡಿದೆವು. ಇಬ್ಬರಿಗೂ ಕೆಲಸ, ಬಾಡಿಗೆ ಮನೆ. ಸಾಕೋಕಾಗುತ್ತಾ?" ಅಂತ ಕೇಳಿದ್ದೀರಿ.

ಆಗುತ್ತದೆ. ನಮ್ಮನೆಯಲ್ಲೂ ಒಬ್ಬನಿದ್ದಾನೆ, ಸೀನ. ರೊಮೇನಿಯಾದವನು. ಅಲ್ಲಿ ಯಾರೋ ಸರಪಳಿ ಹಾಕಿ ಕಟ್ಟಿ, ಆಮೇಲೆ ತಿರುಗಿಯೂ ನೋಡಿಲ್ಲ. ಗಾಯ ಕೊಳೆತು ಎಡ ಮುಂಗಾಲು ಹೋಯಿತು. ನಮ್ಮ ಜೊತೆ ಆರು ವರ್ಷದಿಂದ ಇದ್ದಾನೆ.

ನೀವು ಕಾಲಿನ ಬಗ್ಗೆಯೇ ಜಾಸ್ತಿ ಕೇಳಿದ್ದೀರಿ. ಅದು ವಾರದೊಳಗೆ ಮರೆತೇ ಹೋಗುತ್ತದೆ. ನಾಯಿಯ ಭಾರ ಹೆಚ್ಚು ಬೀಳುವುದು ಮುಂದಿನ ಕಾಲುಗಳ ಮೇಲೆ, ಹಾಗಾಗಿ ದಪ್ಪ ಆಗಲು ಬಿಡಬಾರದು. ಇಲ್ಲಿನ ಮರದ ನೆಲ ಜಾರುತ್ತದೆ, ಊರಿಂದ ತಂದ ಜಮಖಾನಗಳೆಲ್ಲ ಈಗ ಅವನ ಓಡಾಟಕ್ಕೇ ಹಾಸಿವೆ. ಮನೆ ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯಾದರೆ ಮಾತ್ರ ಯೋಚಿಸಿ. ವಯಸ್ಸಾದ ಮೇಲೆ ಹೊತ್ತು ಇಳಿಸುವವರು ನೀವೇ.

ನಮ್ಮನ್ನು ಸುಸ್ತು ಮಾಡಿದ್ದು ಅವನ ಭಯ. ಮೊದಲ ಹತ್ತು ದಿನ ಸೋಫಾದ ಹಿಂದಿನಿಂದ ಈಚೆಗೇ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಸ್ಟೀಲ್ ಬಟ್ಟಲು ಟಣ್ ಅಂದರೆ, ಓ ತಿನ್ನುತ್ತಿದ್ದಾನೆ ಅಂತ ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆವು. ಯಜಮಾನರು ಬೆಲ್ಟ್ ತೆಗೆದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಇವರು ಈಗಲೂ ಬಾತ್‌ರೂಮಿನಲ್ಲೇ ಬೆಲ್ಟ್ ಹಾಕಿಕೊಳ್ಳುವುದು! ಕುಕ್ಕರ್ ಕೂಗಿದರೆ ಮೇಜಿನ ಕೆಳಗೆ ನುಗ್ಗುತ್ತಿದ್ದವನು ಈಗ ಮೂರನೇ ಸೀಟಿಗೆ ಅಡುಗೆಮನೆ ಬಾಗಿಲಲ್ಲಿ ಹಾಜರು. ಬರೀ ಅನ್ನಕ್ಕೆ ಚೂರು ಮೊಸರು ಹಾಕಿ ಕೊಡುತ್ತೇನೆ. ಊರಲ್ಲಿ ಮಾಡಿದ ಹಾಗೆ ಉಳಿದ ಸಾರು-ಹುಳಿ ಕಲಸಿ ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿಯೂ ಅಷ್ಟೇ. ಡಿಸೆಂಬರ್ 31ರ ರಾತ್ರಿ ಇಲ್ಲಿ ಹೊಡೆಯುವ ಪಟಾಕಿ ನಮ್ಮ ದೀಪಾವಳಿಯನ್ನೂ ಮೀರಿಸುತ್ತದೆ. ಆವತ್ತು ಮೂವರೂ ಕಿಟಕಿಯಿಲ್ಲದ ಬಾತ್‌ರೂಮಿನಲ್ಲೇ ಮಲಗುತ್ತೇವೆ.

ಕಾಗದಪತ್ರ ಸುಲಭ. ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ ತೆರಿಗೆ, ಹೌದು, ನಾಯಿಗೂ ತೆರಿಗೆ! ಚರ್ಮದಡಿ ಗುರುತಿನ ಚಿಪ್ ಇರಬೇಕು, ನಾಯಿ ಯಾರನ್ನಾದರೂ ಕಚ್ಚಿದರೆ ನಷ್ಟ ಕಟ್ಟಿಕೊಡುವ ವಿಮೆಯೂ ಕಡ್ಡಾಯ. ಡಾಕ್ಟರ್ ಖರ್ಚು ಪೂರ್ತಿ ನಿಮ್ಮದೇ. ಚಿಕಿತ್ಸೆಯ ವಿಮೆ ಬೇರೆ ಇದೆ, ಆದರೆ ಮೊದಲೇ ಇದ್ದ ತೊಂದರೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ನನಗೆ ನಿಜವಾಗಿ ಅನುಮಾನ ಇರುವುದು ಒಂದೇ ಕಡೆ. ಇಬ್ಬರೂ ಆಫೀಸಿಗೆ ಹೋದರೆ ಹಗಲು ಅದರ ಜೊತೆ ಯಾರು? ಇಬ್ಬರೂ ಒಟ್ಟಿಗೆ ಒಂದು ತಿಂಗಳು ಊರಿಗೆ ಹೋಗುವುದಂತೂ ಮುಗಿಯಿತು ಅಂದುಕೊಳ್ಳಿ. ನಾವು ಸರದಿ ಮೇಲೆ ಹೋಗುತ್ತೇವೆ. ಹೋದ ವರ್ಷ ತಂಗಿಯ ಮಗನ ಮುಂಜಿ ನಾನು ನೋಡಿದ್ದು ಫೋನಿನಲ್ಲೇ. ಅತ್ತೆ ಇನ್ನೂ ಅದನ್ನು ಆಡಿಕೊಳ್ಳುತ್ತಾರೆ.

ಇಷ್ಟು ಕೇಳಿದ ಮೇಲೂ ಮನಸ್ಸಿದ್ದರೆ, ತರುವ ಮೊದಲು ನಾಲ್ಕೈದು ಸಲ ಹೋಗಿ, ಸುಮ್ನೆ ಅದರ ಪಕ್ಕ ಕೂತು ಬನ್ನಿ. ಯಾವತ್ತು ಅಂತ ಹೇಳಿದರೆ ನಾನೂ ಬರುತ್ತೇನೆ. ಸೀನನನ್ನು ಕರೆದುಕೊಂಡು ಬರುವುದಿಲ್ಲ. ಆಶ್ರಯದ ಗೇಟು ಕಂಡರೆ ಅವನು ಇನ್ನೂ ನಡುಗುತ್ತಾನೆ.