ಕೆನಡಾ ಪಿಆರ್ (ಕಾಯಂ ನಿವಾಸಿ) ಕಾರ್ಡ್ ಅವಧಿ ಮುಗಿದ ಹೆಂಡತಿ, ಮಕ್ಕಳನ್ನು ಮೈಸೂರಿನಿಂದ ವಾಪಸ್ ಕರೆಸಿಕೊಳ್ಳುವುದು ಹೇಗೆ?

ಮೊದಲು ಗಾಬರಿ ಬಿಡಿ. ಕಾರ್ಡ್ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ತೊಂದರೆ ಬರುವುದು ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ: ಹಳೇ ಕಾರ್ಡ್ ತೋರಿಸಿದರೆ ವಿಮಾನ ಹತ್ತಿಸುವುದಿಲ್ಲ.

ಅದಕ್ಕೆ ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್ (ಪಿಆರ್‌ಟಿಡಿ), ಅಂದರೆ ಕಾಯಂ ನಿವಾಸಿಗಳು ಕೆನಡಾಕ್ಕೆ ವಾಪಸ್ ಬರಲು ಕೊಡುವ ಪ್ರಯಾಣ ದಾಖಲೆ ಬೇಕು. ಅವರು ಕೆನಡಾದ ಹೊರಗಿದ್ದಾಗಲೇ ಅರ್ಜಿ ಹಾಕಬೇಕು, ಮಕ್ಕಳೂ ಸೇರಿ ಒಬ್ಬೊಬ್ಬರಿಗೂ ಬೇರೆ ಬೇರೆ. ಹೊಸ ಕಾರ್ಡ್ ಮಾಡಿಸುವುದೆಲ್ಲ ಕೆನಡಾಕ್ಕೆ ಬಂದಮೇಲೆ.

ಅಧಿಕಾರಿ ಮುಖ್ಯವಾಗಿ ನೋಡುವುದು ಕಳೆದ 5 ವರ್ಷಗಳಲ್ಲಿ 730 ದಿನ ಕೆನಡಾದಲ್ಲಿದ್ದರಾ ಅಂತ. ಪಾಸ್‌ಪೋರ್ಟ್ ಮುದ್ರೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿ. ನೀವು ಕೆನಡಾ ಪ್ರಜೆಯಾಗಿದ್ದು, ಹೊರದೇಶದಲ್ಲಿ ಅವರ ಜೊತೆಗೇ ಇದ್ದ ದಿನಗಳೂ ಸೇರುತ್ತವೆ. ನೀವು ಟೊರೊಂಟೊದಲ್ಲಿ, ಅವರು ಮೈಸೂರಿನಲ್ಲಿ ಅಂದರೆ ಸೇರಲ್ಲ.

ದಿನ ಕಮ್ಮಿ ಬಿದ್ದರೆ ಸುಮ್ನೆ ಮುಚ್ಚಿಡಬೇಡಿ. ಹೆತ್ತವರ ಕಾಯಿಲೆಯಂಥ ನಿಜವಾದ ಕಾರಣವಿದ್ದರೆ ಆಸ್ಪತ್ರೆ ದಾಖಲೆ ಇಟ್ಟು, ಮಾನವೀಯ ನೆಲೆಯಲ್ಲಿ ಪರಿಗಣಿಸಿ ಎಂದು ಬರೆಯಿರಿ. ಮಕ್ಕಳ ಹಿತವನ್ನೂ ನೋಡುತ್ತಾರೆ. ಆದರೂ ತಿರಸ್ಕರಿಸಿದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಆ ಹಂತಕ್ಕೆ ವಕೀಲರು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ.